ತೋಟದ ಚಿಂತೆ ಹೊತ್ತು ಬಂದವರ ಹತ್ತಿರ ಏನು ಮಾತಾಡಬೇಕು?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರ ಅಡಿಕೆ ತೋಟ. ಈ ಮಳೆಗಾಲ ಕಾಯಿ ಉದುರಿಸೋ ಕೊಳೆ ರೋಗ ಜೋರು. ಯಜಮಾನರು ತೋಟದಿಂದ ಬಂದು ‘ಎಲ್ಲ ಉದುರಿಹೋಯ್ತು’ ಅಂತ ಕೂತರೆ ನಾನು ಧೈರ್ಯ ಹೇಳ್ತೇನೆ, ಮುಂದೆ ಏನು ಮಾಡಬಹುದು ಅಂತಲೂ ಹೇಳ್ತೇನೆ. ಅವರು ಸಿಟ್ಟಾಗಿ ಎದ್ದುಹೋಗ್ತಾರೆ. ನಾನು ತಪ್ಪಿದ್ದೆಲ್ಲಿ?

ಉತ್ತರ: ನಿಮ್ಮ ಕಾಳಜಿ ಸರಿಯಾಗಿಯೇ ಇದೆ, ಸಲಹೆ ಮಾತ್ರ ಬೇಗ ಬಂತು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ, ಕೊಳೆಗೆ ಹೊಡೆಯುವ ಬೋರ್ಡೋ ಮದ್ದಿನ ಲೆಕ್ಕ ಅವರಿಗೆ ಬಾಯಿಪಾಠ. ಮೊದಲ ಮದ್ದು ಮಳೆ ಹಿಡಿಯುವ ಮುಂಚೆ, ಎರಡನೆಯದು 30–45 ದಿನಕ್ಕೆ ಎಂಬುದೂ ಗೊತ್ತು. ಮಳೆ ಬಿಟ್ಟು ಹೊಳವೇ ಆಗದಿದ್ದರೆ ಮದ್ದು ಹೊಡೆಯಲು ಆಳನ್ನು ಮರ ಹತ್ತಿಸುವುದು ಹೇಗೆ? ಹಾಗಿರುವಾಗ ‘ಇನ್ನೊಂದ್ಸಲ ಹೊಡೆಸ್ಬೇಕಿತ್ತು’ ಎಂದರೆ ಅವರಿಗೆ ಕೇಳಿಸುವುದು ‘ನೀವು ಸರಿಯಾಗಿ ನೋಡಿಕೊಳ್ಳಲಿಲ್ಲ’ ಎಂಬ ದೂರು. ‘ಹೋಗ್ಲಿ ಬಿಡಿ, ಪಕ್ಕದ ತೋಟದವ್ರದ್ದು ಪೂರ್ತಿ ಹೋಗಿದೆ’ ಎಂಬ ಸಮಾಧಾನ ಇನ್ನೂ ನೋಯಿಸುತ್ತದೆ.

ನಾಳೆ ಹೀಗೆ ಮಾಡಿ ನೋಡಿ. ಅವರು ಬಂದು ಕೂತಾಗ ಒಲೆ ಸಣ್ಣ ಮಾಡಿ, ಮೊಬೈಲು ಆಚೆಗಿಟ್ಟು ಹತ್ತಿರ ಕೂರಿ. ಅವರ ಮಾತು ನಿಂತ ಮೇಲೂ ನಾಲ್ಕೈದು ಸೆಕೆಂಡು ಸುಮ್ಮನಿರಿ. ಎಷ್ಟೋ ಸಲ ಮುಖ್ಯ ವಿಷಯ ಆಮೇಲೆಯೇ ಬಾಯಿಗೆ ಬರುತ್ತದೆ. ನಂತರ ನಿಮಗೆ ಅರ್ಥವಾದದ್ದನ್ನು ಊಹೆಯಾಗಿ ಹೇಳಿ: ‘ಮದ್ದು ಹೊಡ್ಸೋಕೆ ಮಳೆ ಬಿಡ್ಲೇ ಇಲ್ಲ. ಕಣ್ಣೆದುರೇ ಹೋಗ್ತಾ ಇದೆ, ಕೈ ಕಟ್ಟಿ ಹಾಕಿದಂಗೆ ಆಗಿದೆ, ಅಲ್ವಾ?’ ಆ ‘ಅಲ್ವಾ’ ಬಿಡಬೇಡಿ, ಅವರಿಗೆ ತಿದ್ದಲು ಎಡೆ ಸಿಗುವುದೇ ಅದರಿಂದ. ‘ಅಡಿಕೆ ಹೋದ್ರೆ ಹೋಗ್ಲಿ, ಸೊಸೈಟಿ ಸಾಲ ಹೆಂಗೆ ಕಟ್ಟೋದು’ ಎಂದರೆ ನಿಮ್ಮ ಊಹೆ ತಪ್ಪಿತು, ಆದರೆ ನಿಜವಾದ ಚಿಂತೆ ಹೊರಬಂತು. ಆಪ್ತಸಮಾಲೋಚನೆಯಲ್ಲಿ ಇಂಥ ಆಲಿಸುವಿಕೆಗೆ ಮುಖ್ಯ ಸ್ಥಾನ ಕೊಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್. ಅವರು 1957ರಲ್ಲೇ ಒಂದು ಎಚ್ಚರಿಕೆಯನ್ನೂ ಹೇಳಿದ್ದರು: ಇನ್ನೊಬ್ಬರ ಸಂಕಟ ನಮ್ಮದೇ ಎಂಬಂತೆ ಗ್ರಹಿಸಬೇಕು, ಅದರಲ್ಲೇ ಮುಳುಗಬಾರದು. ಇಬ್ಬರೂ ಅಳುತ್ತ ಕೂತರೆ ಕೇಳುವವರು ಯಾರು?

ಅವರ ಮಾತನ್ನೇ ಗಿಳಿಯಂತೆ ತಿರುಗಿ ಹೇಳಬೇಡಿ, ಅಣಕಿಸಿದಂತಾಗುತ್ತದೆ. ‘ಯಾಕೆ ಮೊದ್ಲೇ ಹೇಳ್ಲಿಲ್ಲ?’ ಎಂಬುದು ವಿಚಾರಣೆ. ‘ನಂಗೆ ಅರ್ಥ ಆಗ್ತದೆ’ ಎಂದಷ್ಟೇ ಹೇಳಿದರೆ ಏನು ಅರ್ಥವಾಯಿತು ಎಂಬುದೇ ತಿಳಿಯುವುದಿಲ್ಲ.

ಕೇಳಿದ ಮಾತ್ರಕ್ಕೆ ಒಪ್ಪಬೇಕೆಂದಿಲ್ಲ. ಇನ್ನೊಂದು ಸಾಲ ಬೇಡ ಎಂಬುದು ನಿಮ್ಮ ಅಭಿಪ್ರಾಯವಾದರೆ ಹೇಳಿ, ಅವರ ಮಾತು ಮುಗಿದ ಮೇಲೆ, ‘ಈಗ ಲೆಕ್ಕ ನೋಡೋಣ್ವಾ, ನಾಳೆ ನೋಡೋಣ್ವಾ?’ ಎಂದು ಕೇಳಿಕೊಂಡು. ನೀವೇ ದಣಿದಿದ್ದರೆ ಅರ್ಧ ಮನಸ್ಸಿನಿಂದ ಹೂಂಗುಟ್ಟುವುದಕ್ಕಿಂತ ‘ಊಟ ಆದ್ಮೇಲೆ ಕೂತು ಮಾತಾಡೋಣ’ ಎನ್ನುವುದು ಒಳ್ಳೆಯದು. ಊಟವಾದ ಮೇಲೆ ಕೂರಲೇಬೇಕು.

ನಿದ್ದೆ, ಊಟ ಬಿಟ್ಟು ಎರಡು ವಾರ ಕಳೆದರೆ ಮನೆಯ ಮಾತಷ್ಟೇ ಸಾಲದು, ವೈದ್ಯರಿಗೆ ತೋರಿಸಿ. ಬದುಕೇ ಬೇಡ ಎಂಬ ಮಾತು ಬಂದರಂತೂ ಒಂದು ದಿನವೂ ಕಾಯದೆ, ಅವರನ್ನು ಒಂಟಿಯಾಗಿ ಬಿಡದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.