ಒಡೆದ ಗುಮ್ಮಟ ಮತ್ತು ‘ಜಾಲಿಮ್’ ಎಂಬ ಬಿರುದು

ಬೀದರ್ ಊರಿನಿಂದ ಪೂರ್ವಕ್ಕೆ ಸುಮಾರು ಮೂರು ಕಿಲೋಮೀಟರ್ ದೂರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಮೊದಲ ಬಾರಿಗೆ ಅಲ್ಲಿಗೆ ಹೋದವರ ಕಣ್ಣು ತಾನಾಗಿ ಹರಿಯುವುದು ಅವುಗಳಲ್ಲಿ ಪಾಳುಬಿದ್ದ ಒಂದರತ್ತ. ಅದರ ಗುಮ್ಮಟ ಸೀಳಿಟ್ಟ ಕುಂಬಳಕಾಯಿಯಂತೆ ಅರ್ಧ ಮಾತ್ರ ಉಳಿದಿದ್ದು, ಗೋಡೆಯ ದಪ್ಪವೂ ಒಳಗಿನ ಕಟ್ಟಡದ ಪದರಗಳೂ ಹೊರಗೇ ಕಾಣುತ್ತವೆ. ಅದು 1458ರಿಂದ 1461ರವರೆಗೆ ಆಳಿದ ಹುಮಾಯೂನ್ ಶಾಹನ ಗೋರಿ. ದೆಹಲಿಯ ಮೊಘಲ್ ಹುಮಾಯೂನನಿಗೂ ಇವನಿಗೂ ಹೆಸರಿನ ಹೊರತು ಬೇರೆ ಸಂಬಂಧವಿಲ್ಲ. ಇವನ ಹೆಸರಿನ ಮುಂದೆ ‘ಜಾಲಿಮ್’, ಎಂದರೆ ಕ್ರೂರಿ, ಎಂಬ ಮಾತು ಐದು ಶತಮಾನಗಳಿಂದ ಕಳಚದೆ ಅಂಟಿಕೊಂಡಿದೆ. ಪಾಪಿಯನ್ನು ಮಲಗಿಸಿಕೊಂಡ ಗುಮ್ಮಟವನ್ನು ದೇವರು ಸಹಿಸದೆ ಸಿಡಿಲು ಕಳಿಸಿ ಒಡೆದನೆಂದು ಬೀದರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸಿಡಿಲು ಬಡಿದದ್ದೇನೋ ನಿಜ. ಆದರೆ ಅದು ಬಡಿದದ್ದು ಸುಲ್ತಾನ ಮಣ್ಣಾಗಿ ಶತಮಾನಗಳು ಕಳೆದ ಮೇಲೆ. ದೇವರ ಕೋಪ ಅಷ್ಟು ನಿಧಾನವಾಗಿ ಏಕೆ ಇಳಿಯಿತೆಂದು ಕತೆ ಹೇಳುವವರು ಯೋಚಿಸಿದಂತಿಲ್ಲ.

ಈ ಬಿರುದು ಎಲ್ಲಿಂದ ಬಂತೆಂದು ಹುಡುಕುತ್ತಾ ಹೋದರೆ ಮೊದಲು ಸಿಗುವುದು ಒಂದು ಪಟ್ಟದ ಜಗಳ. ತಂದೆ ಎರಡನೆಯ ಅಲಾವುದ್ದೀನ್ ಅಹ್ಮದ್ ಹಿರಿಯ ಮಗನಾದ ಹುಮಾಯೂನನನ್ನೇ ಉತ್ತರಾಧಿಕಾರಿಯೆಂದು ಹೆಸರಿಸಿದ್ದ. ಆದರೆ 1458ರಲ್ಲಿ ಅವನು ಕಣ್ಣುಮುಚ್ಚಿದ ಕೂಡಲೇ ಆಸ್ಥಾನದ ಕೆಲವು ಪ್ರಮುಖರು ಕಿರಿಯ ಮಗ ಹಸನ್ ಖಾನನನ್ನು ಸಿಂಹಾಸನದ ಮೇಲೆ ಕೂರಿಸಿದರು. ಹುಮಾಯೂನ್ ಬೆರಳೆಣಿಕೆಯ ಬಂಟರೊಡನೆ ಅರಮನೆಗೆ ನುಗ್ಗಿ ತಮ್ಮನನ್ನು ಕೆಳಗಿಳಿಸಿ ಸೆರೆಯಲ್ಲಿಟ್ಟ. ಪಿತೂರಿಯ ಮುಂದಾಳುಗಳಲ್ಲೊಬ್ಬನಾದ ಸೈಫ್ ಖಾನನನ್ನು ಆನೆಯ ಕಾಲಿಗೆ ಕಟ್ಟಿಸಿ ಊರೊಳಗೆ ಎಳೆಸಿದ. ಅದರ ಬೆನ್ನಿಗೇ ಸ್ವಂತ ಬಂಧುಗಳಾದ ಜಲಾಲ್ ಖಾನ್ ಮತ್ತು ಸಿಕಂದರ್ ಖಾನ್ ತೆಲಂಗಾಣದ ನಲ್ಗೊಂಡದಲ್ಲಿ ಬಂಡೆದ್ದರು. ಅದು ಅಡಗಿತೆನ್ನುವಷ್ಟರಲ್ಲಿ ದೇವರಕೊಂಡದ ವೆಲಮ ನಾಯಕರು ಒಡಿಶಾದ ಗಜಪತಿಗಳ ನೆರವು ಪಡೆದು ಬಹಮನಿ ಸೈನ್ಯವನ್ನು ಸೋಲಿಸಿದರು. ಆಳಿದ್ದು ಮೂರೂವರೆ ವರ್ಷ. ಅದರಲ್ಲಿ ನೆಮ್ಮದಿಯಾಗಿ ಗದ್ದುಗೆಯ ಮೇಲೆ ಕುಳಿತ ದಿನಗಳು ಬಹಳ ಕಡಿಮೆ.

ಬಿರುದನ್ನು ಗಟ್ಟಿ ಮಾಡಿದ್ದು ಇದರ ನಂತರದ ಪ್ರಸಂಗ. ಸುಲ್ತಾನ ತೆಲಂಗಾಣದಲ್ಲಿದ್ದಾಗ ಯೂಸುಫ್ ತುರ್ಕ್ ಎಂಬವನು ಬೀದರಿನ ಸೆರೆಮನೆಯನ್ನು ಒಡೆದು ಹಸನ್ ಖಾನನನ್ನೂ, ರಾಜಮನೆತನದೊಡನೆ ಅಳಿಯತನದ ನಂಟಿದ್ದ ಸೂಫಿ ಮನೆತನದ ಹಬೀಬುಲ್ಲಾನನ್ನೂ, ಅವರೊಡನೆ ಇನ್ನೂ ಸಾವಿರಾರು ಕೈದಿಗಳನ್ನೂ ಹೊರಬಿಟ್ಟ. ಓಡಿಹೋದವರು ಕೊನೆಗೆ ಬಿಜಾಪುರದಲ್ಲಿ ಅಲ್ಲಿನ ಅಧಿಕಾರಿಯ ಕೈಗೆ ಸಿಕ್ಕಿಬಿದ್ದರು. ಹಬೀಬುಲ್ಲಾ ಅಲ್ಲಿಯೇ ಹೋರಾಡಿ ಸತ್ತ, ಉಳಿದವರನ್ನು ಬೀದರಿಗೆ ತರಲಾಯಿತು. ಮುಂದಿನದನ್ನು ಇತಿಹಾಸಕಾರ ಫೆರಿಸ್ತಾ ಹೇಳುವ ರೀತಿಯಲ್ಲಿ ಓದುವುದಕ್ಕೆ ಎದೆ ಗಟ್ಟಿಯಿರಬೇಕು. ತಮ್ಮನನ್ನು ಹುಲಿಯ ಮುಂದೆ ಎಸೆದದ್ದು, ಕುದಿಯುವ ಎಣ್ಣೆಯ ಕಡಾಯಿಗಳು, ಬಂಡಾಯದ ಗಂಧವೂ ಇಲ್ಲದ ಆಳುಕಾಳುಗಳು ಮತ್ತು ಹೆಂಗಸರು ಸೇರಿ ಸುಮಾರು ಏಳು ಸಾವಿರ ಜನರ ಕೊಲೆ, ಇವೆಲ್ಲ ಅವನ ಪುಟಗಳಲ್ಲಿವೆ. ಇದರಲ್ಲಿ ಅರ್ಧವೇ ನಿಜವೆಂದು ಒಪ್ಪಿದರೂ ಹುಮಾಯೂನನನ್ನು ಸಜ್ಜನನೆಂದು ಕರೆಯಲಾಗದು, ಹಾಗೆ ಕರೆಯುವ ಉದ್ದೇಶವೂ ನನಗಿಲ್ಲ.

1461ರ ಸೆಪ್ಟೆಂಬರಿನಲ್ಲಿ ಅವನು ಸತ್ತ. ಕಾಯಿಲೆಯಿಂದ ಎಂದು ಒಂದು ಮಾತು, ಕುಡಿದು ಮಲಗಿದ್ದಾಗ ಅಂತಃಪುರದ ಸೇವಕರ ಪೆಟ್ಟಿನಿಂದ ಎಂದು ಇನ್ನೊಂದು ಮಾತು. ಸಾವಿಗಿಂತ ವಿಚಿತ್ರವಾದದ್ದು ನಜೀರಿ ಎಂಬ ಆಸ್ಥಾನಕವಿ ಬರೆದ ಪದ್ಯ. ಪಾರ್ಸಿ ಕವಿಗಳಲ್ಲಿ ಅಕ್ಷರಗಳ ಬೆಲೆಯನ್ನು ಕೂಡಿಸಿ ಇಸವಿ ಹೇಳುವ ವಾಡಿಕೆಯಿತ್ತು. ನಮ್ಮ ಶಾಸನಕಾರರು ಕಣ್ಣು, ಸಾಗರ, ಬಾಣ ಎಂದು ಪದಗಳಲ್ಲಿ ಶಕವರ್ಷವನ್ನು ಅಡಗಿಸುತ್ತಿದ್ದರಲ್ಲ, ಅದೇ ಬಗೆಯ ಚಮತ್ಕಾರ. ಸುಲ್ತಾನ ಸತ್ತದ್ದರಿಂದ ಜಗತ್ತು ಹಿಗ್ಗಿತು, ಆದ್ದರಿಂದ ಸಾವಿನ ತೇದಿಯನ್ನು ‘ಜೌಕ್-ಎ-ಜಹಾನ್’, ಅಂದರೆ ‘ಜಗದಾನಂದ’, ಎಂಬ ಪದದಿಂದಲೇ ತೆಗೆಯಿರಿ ಎಂದು ನಜೀರಿ ಬರೆದ. ಲೆಕ್ಕ ಹಾಕಿ ನೋಡಬಹುದು: ಮೊದಲ ಪದದ ಮೂರು ಅಕ್ಷರಗಳಿಗೆ 700, 6 ಮತ್ತು 100, ಎರಡನೆಯ ಪದದ ನಾಲ್ಕಕ್ಕೆ 3, 5, 1 ಮತ್ತು 50, ಒಟ್ಟು 865. ಹಿಜರಿ 865 ಎಂದರೆ 1461ಕ್ಕೆ ಸರಿಯಾಗಿ ಕೂಡುತ್ತದೆ. ಆಸ್ಥಾನದ ಅನ್ನ ಉಂಡ ಕವಿ ಒಡೆಯನ ಸಾವನ್ನು ಇಷ್ಟು ಕರಾರುವಾಕ್ಕಾಗಿ ಸಂಭ್ರಮಿಸಿದ ಉದಾಹರಣೆಗಳು ಹೆಚ್ಚಿರಲಾರವು. ಯಾವ ಸಿಡಿಲಿಗಿಂತಲೂ ಈ ಎರಡು ಪದಗಳೇ ಹುಮಾಯೂನನ ಹೆಸರನ್ನು ಹೆಚ್ಚು ಕೆಡಿಸಿರಬೇಕೆಂಬುದು ನನ್ನ ಎಣಿಕೆ, ಏಕೆಂದರೆ ಪ್ರಾಸವಿರುವ ನಿಂದೆ ಬಾಯಿಂದ ಬಾಯಿಗೆ ಸುಲಭವಾಗಿ ಹೋಗುತ್ತದೆ.

ಇನ್ನು ಫೆರಿಸ್ತಾನ ವಿಷಯ. ಅವನು ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಶ್ರಯದಲ್ಲಿ ತನ್ನ ಇತಿಹಾಸವನ್ನು ಬರೆದದ್ದು 17ನೇ ಶತಮಾನದ ಆರಂಭದಲ್ಲಿ, ಅಂದರೆ ಹುಮಾಯೂನ್ ಸತ್ತು ಸುಮಾರು ಒಂದೂವರೆ ಶತಮಾನದ ನಂತರ. ಅವನಿಗಿಂತ ತುಸು ಮೊದಲು ಅಹಮದ್‌ನಗರದಲ್ಲಿ ಬಹಮನಿಗಳ ಚರಿತ್ರೆ ಬರೆದ ಸೈಯದ್ ಅಲಿ ತಬಾತಬಾ ಕೂಡ ಅವನಂತೆಯೇ ಇರಾನಿನ ಕಡೆಯಿಂದ ಬಂದವನು. ಬಹಮನಿ ಆಸ್ಥಾನದಲ್ಲಿ ದಖನಿಗಳು ಮತ್ತು ಹೊರನಾಡಿನಿಂದ ಬಂದ ಆಫಾಕಿಗಳು ಎಂಬ ಎರಡು ಬಣಗಳ ಹಗೆ ನಿತ್ಯದ ಮಾತಾಗಿತ್ತು. ಹುಮಾಯೂನನ ಕೋಪಕ್ಕೆ ತುತ್ತಾದವರಲ್ಲಿ ಸರದಾರರ ಕುಟುಂಬಗಳಿದ್ದವು, ಇರಾನಿನ ಕಿರ್ಮಾನಿನಿಂದ ಬಂದ ಸೂಫಿ ಮನೆತನದವನಿದ್ದ. ಎಂದರೆ ಯಾರ ಕೈಯಲ್ಲಿ ಲೇಖನಿಯಿತ್ತೋ ಅವರ ಬಳಗ. ಈ ವಾದ ಸಂಪೂರ್ಣ ನೇರವಾಗಿಲ್ಲ ಎಂಬುದನ್ನೂ ಹೇಳಬೇಕು, ಏಕೆಂದರೆ ಇರಾನಿನ ಗೀಲಾನಿನಿಂದ ಬಂದ, ಮುಂದೆ ಬಹಮನಿಗಳ ಪ್ರಧಾನಿಯಾಗಿ ಹೆಸರಾದ ಮಹಮೂದ್ ಗಾವಾನನನ್ನು ಮೇಲೆತ್ತಿ ‘ಮಲಿಕ್-ಉತ್-ತುಜ್ಜಾರ್’, ಎಂದರೆ ವರ್ತಕರ ಒಡೆಯ, ಎಂಬ ಪದವಿ ಕೊಟ್ಟವನೂ ಇದೇ ಹುಮಾಯೂನ್. 20ನೇ ಶತಮಾನದಲ್ಲಿ ಇತಿಹಾಸಕಾರ ಹಾರೂನ್ ಖಾನ್ ಶೇರ್ವಾನಿ ಈ ಸುಲ್ತಾನನ ಪರವಾಗಿ ವಕಾಲತ್ತು ವಹಿಸಿ, ಕ್ರೌರ್ಯದ ಕತೆಗಳು ಬಹಳ ಮಟ್ಟಿಗೆ ಉತ್ಪ್ರೇಕ್ಷೆಯೆಂದು ವಾದಿಸಿದರು. ಅವರಷ್ಟು ದೂರ ಹೋಗಲು ನನಗೆ ಧೈರ್ಯವಿಲ್ಲ. ಆದರೆ ಅದೇ ಗೋರಿಗಳ ಸಾಲಿನಲ್ಲಿ ಮಲಗಿರುವ ಅಜ್ಜನನ್ನು ಪಕ್ಕದಲ್ಲಿಟ್ಟು ನೋಡಿದಾಗ ಶೇರ್ವಾನಿಯವರ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ ಅನ್ನಿಸುತ್ತದೆ.

ಅಜ್ಜ ಎಂದರೆ ಕಲಬುರಗಿಯಿಂದ ಬೀದರಿಗೆ ರಾಜಧಾನಿಯನ್ನು ತಂದ ಅಹ್ಮದ್ ಶಾ. 1422ರಲ್ಲಿ ಅವನು ಪಟ್ಟಕ್ಕೆ ಬಂದದ್ದು ಸ್ವಂತ ಅಣ್ಣ ಫಿರೋಜ್ ಶಾಹನ ವಿರುದ್ಧ ಬಂಡೆದ್ದು. ಸೈನ್ಯ ಸಾಲದಾದಾಗ ಅವನ ಕಡೆಯ ವ್ಯಾಪಾರಿ ಖಲಫ್ ಹಸನ್ ಬಸ್ರಿ ದಾರಿಯಲ್ಲಿ ಸಿಕ್ಕ ಬಂಜಾರರ ಹೇರೆತ್ತುಗಳನ್ನು ಕೊಂಡು, ದೂರದಿಂದ ಕುದುರೆ ಪಡೆಯಂತೆ ಕಾಣುವ ಹಾಗೆ ನಿಲ್ಲಿಸಿ ಎದುರಾಳಿಗಳನ್ನು ಬೆದರಿಸಿದನಂತೆ. ದಖನ್ನಿನ ಸಿಂಹಾಸನವನ್ನು ಎತ್ತುಗಳು ಗೆದ್ದುಕೊಟ್ಟ ಇಂಥ ಕತೆ ನಮ್ಮ ಭಾಗದ ಮಕ್ಕಳ ಪಠ್ಯದಲ್ಲಿಲ್ಲದಿರುವುದು ನಷ್ಟವೇ. ಫಿರೋಜ್ ಶಾ ಪಟ್ಟ ಬಿಟ್ಟ ಕೆಲವೇ ದಿನಗಳಲ್ಲಿ ಸತ್ತ, ಆ ಸಾವು ಸಹಜವಲ್ಲವೆಂಬ ಮಾತೂ ಇದೆ. ಮುಂದೆ ವಿಜಯನಗರದ ಮೇಲೆ ದಂಡೆತ್ತಿ ಹೋದಾಗ ಅಹ್ಮದ್ ಶಾ ಹಳ್ಳಿಗಳ ಗಂಡಸು, ಹೆಂಗಸು, ಮಕ್ಕಳನ್ನು ಕೊಲ್ಲಿಸುತ್ತಾ, ಸತ್ತವರ ಲೆಕ್ಕ ಇಪ್ಪತ್ತು ಸಾವಿರ ಮುಟ್ಟಿದಾಗಲೆಲ್ಲ ಮೂರು ದಿನ ಬೀಡುಬಿಟ್ಟು ಹಬ್ಬ ಮಾಡುತ್ತಿದ್ದನೆಂದು ಬರೆದವನು ಇದೇ ಫೆರಿಸ್ತಾ. ಅಂಕಿ ಇಲ್ಲಿಯೂ ಉಬ್ಬಿರಬಹುದು. ಆದರೆ ಫೆರಿಸ್ತಾ ಕೊಟ್ಟ ಲೆಕ್ಕದಲ್ಲಿಯೇ ಮೊಮ್ಮಗನ ಏಳು ಸಾವಿರಕ್ಕಿಂತ ಅಜ್ಜನ ಒಂದೊಂದು ಹಬ್ಬದ ಲೆಕ್ಕ ದೊಡ್ಡದು.

ಆ ಅಜ್ಜನಿಗೆ ಸಿಕ್ಕ ಬಿರುದು ‘ವಲಿ’, ಎಂದರೆ ಸಂತ. ಬರಗಾಲದಲ್ಲಿ ಅವನು ದಿಬ್ಬದ ಮೇಲೆ ನಿಂತು ಪ್ರಾರ್ಥಿಸಿದಾಗ ಮಳೆ ಸುರಿದದ್ದರಿಂದ ಜನ ಹಾಗೆ ಕರೆದರೆಂದು ಪ್ರತೀತಿ. ಕಲಬುರಗಿಯ ಬಂದೇ ನವಾಜರ ಆಶೀರ್ವಾದ ಅವನ ಮೇಲಿತ್ತು. ಬಂದೇ ನವಾಜರು ತೀರಿಕೊಂಡ ಮೇಲೆ ಅವನು ಕಿರ್ಮಾನಿನ ಶಾ ನಿಅಮತುಲ್ಲಾ ಅವರ ವಂಶಜರನ್ನು ಬೀದರಿಗೆ ಕರೆಸಿಕೊಂಡು ಹೆಣ್ಣು ಕೊಟ್ಟು ನಂಟು ಬೆಳೆಸಿದ. ಅವರಲ್ಲೊಬ್ಬರಾದ ಖಲೀಲುಲ್ಲಾ ಅವರ ಸಮಾಧಿಯೇ ಅಷ್ಟೂರಿನ ದಾರಿಯಲ್ಲಿ ಸಿಗುವ ಚೌಖಂಡಿ. ಮೊಮ್ಮಗನ ಕಾಲದಲ್ಲಿ ಬಿಜಾಪುರದಲ್ಲಿ ಸತ್ತ ಹಬೀಬುಲ್ಲಾ ಈ ಖಲೀಲುಲ್ಲಾ ಅವರ ಮಗ. ಒಬ್ಬ ಸುಲ್ತಾನ ಸಾಕಿದ ಮನೆತನದವನೇ ಇನ್ನೊಬ್ಬನ ಕಾಲದಲ್ಲಿ ಪ್ರಾಣ ಕಳೆದುಕೊಂಡ, ಎರಡು ಬಿರುದುಗಳ ನಡುವಿನ ಅಂತರಕ್ಕೆ ಇದೊಂದು ದೊಡ್ಡ ಕಾರಣವೆಂದು ನಾನು ತಿಳಿದಿದ್ದೇನೆ. ಕೃಷ್ಣೆಯ ಆಚೆ ಸತ್ತ ಹಳ್ಳಿಗರ ಪರವಾಗಿ ಪದದಲ್ಲಿ ಇಸವಿ ಅಡಗಿಸುವ ಕವಿ ಬೀದರಿನ ಆಸ್ಥಾನದಲ್ಲಿ ಯಾರಿದ್ದರು? ಹುಮಾಯೂನ್ ಸತ್ತು ಹತ್ತು ವರ್ಷದೊಳಗೆ ಕುದುರೆ ಮಾರಲು ಬೀದರಿಗೆ ಬಂದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿಟಿನ್ ಇಲ್ಲಿನ ಹಳ್ಳಿಯ ಜನ ತೀರ ಬಡವರೆಂದೂ ಗಣ್ಯರು ವೈಭವದಲ್ಲಿ ಮೆರೆಯುವರೆಂದೂ ಗುರುತು ಹಾಕಿಕೊಂಡ. ಅವನು ಯಾವ ಸುಲ್ತಾನನ ಅನ್ನವನ್ನೂ ಉಂಡವನಲ್ಲ.

ಅಹ್ಮದ್ ಶಾಹನ ಕತೆ ಇಲ್ಲಿಗೆ ಮುಗಿಯುವುದಿಲ್ಲ, ಮುಗಿಯದಿರುವುದೇ ಅದರ ಸೊಗಸು. ಹೋಳಿಯ ನಂತರ ಅಷ್ಟೂರಿನಲ್ಲಿ ನಡೆಯುವ ಅವನ ಉರುಸಿನ ದಿನ ನಿಗದಿಯಾಗುವುದು ಹಿಜರಿ ತಿಂಗಳಿನಿಂದಲ್ಲ, ನಮ್ಮ ಪಂಚಾಂಗದಿಂದ. ಅದರ ಮುಂದಾಳತ್ವ ವಹಿಸುವವರು ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಬರುವ ಜಂಗಮರು. ಗೋರಿಯ ಮುಂದೆ ಶಂಖ ಮೊಳಗುತ್ತದೆ, ಕಾಯಿ ಒಡೆಯುತ್ತದೆ, ಸುಲ್ತಾನನನ್ನು ಅಲ್ಲಮಪ್ರಭುವೆಂದು ನಂಬಿ ನಡೆದುಕೊಳ್ಳುವ ಭಕ್ತರು ಸೇರುತ್ತಾರೆ. ವಚನಗಳ ಅಲ್ಲಮ 12ನೇ ಶತಮಾನದವನು, ಇವನು 15ನೇ ಶತಮಾನದವನು ಎಂದು ಅಲ್ಲಿ ಲೆಕ್ಕ ಒಪ್ಪಿಸಲು ಹೋಗುವುದು ಅರಸಿಕತನ. ಇತಿಹಾಸದ ಕ್ರೂರಿಯೊಬ್ಬ ಜನರ ಕೈಗೆ ಸಿಕ್ಕು ಶರಣನಾದದ್ದು ನನಗೆ ಮೋಸದಂತೆ ಕಾಣುವುದಿಲ್ಲ. ಅಜ್ಜನಿಗೆ ಒದಗಿದ ಆ ಕರುಣೆ ಮೊಮ್ಮಗನ ಪಾಲಿಗೆ ಬರಲಿಲ್ಲ, ಅಷ್ಟೇ.

ಸಿಡಿಲಿನ ಮಾತಿಗೆ ಮರಳುವುದಾದರೆ, ಬೀದರಿನಲ್ಲಿ ಅರ್ಧ ಬಿದ್ದ ಇನ್ನೊಂದು ಕಟ್ಟಡವಿದೆ. 1472ರಲ್ಲಿ ಪೂರ್ತಿಯಾದ ಮಹಮೂದ್ ಗಾವಾನನ ಮದರಸೆಯ ಎರಡು ಮಿನಾರುಗಳಲ್ಲಿ ಒಂದು ಮಾತ್ರ ಉಳಿದಿದೆ. ಔರಂಗಜೇಬನ ಕಾಲದಲ್ಲಿ ಅಲ್ಲಿ ಕೂಡಿಟ್ಟ ಮದ್ದು ಸಿಡಿಯಿತೆಂದು ಕೆಲವರು, ಸಿಡಿಲೇ ಬಡಿಯಿತೆಂದು ಕೆಲವರು ಹೇಳುತ್ತಾರೆ. ಅದನ್ನು ಗಾವಾನನ ಪಾಪದ ಫಲವೆಂದು ಹೇಳಿದವರನ್ನು ನಾನು ಕಂಡಿಲ್ಲ, ಹೇಳಲೂ ಬಾರದು. ಆ ಗಾವಾನನನ್ನು 1481ರ ಏಪ್ರಿಲ್ 5ರಂದು ಕೊಲ್ಲಿಸಿದವನು ಹುಮಾಯೂನನ ಮಗ ಮೂರನೆಯ ಮುಹಮ್ಮದ್. ವಿರೋಧಿಗಳು ಗಾವಾನನ ಮೊಹರಿದ್ದ ಬರಿ ಕಾಗದದ ಮೇಲೆ, ಬಹಮನಿ ರಾಜ್ಯದ ಮೇಲೆ ದಂಡೆತ್ತಿ ಬರಲು ಒಡಿಶಾದ ದೊರೆಗೆ ಕರೆಕೊಡುವ ಪತ್ರವನ್ನು ಬರೆಸಿ ತಂದಿದ್ದರು. ಕುಡಿದ ಅಮಲಿನಲ್ಲಿದ್ದ ಸುಲ್ತಾನ ವಿಚಾರಣೆ ಮಾಡಿಸದೆ, ಎಪ್ಪತ್ತು ದಾಟಿದ ಮುದುಕನ ತಲೆ ತೆಗೆಸಿದ. ರಾಜ್ಯದ ಬುಡವನ್ನೇ ಕಡಿದ ಈ ಸುಲ್ತಾನನಿಗೆ ಚರಿತ್ರೆ ಇಟ್ಟ ಹೆಸರು ‘ಲಷ್ಕರಿ’, ದಂಡಾಳು. ಅಷ್ಟೂರಿನ ಸಾಲಿನಲ್ಲಿ ಅವನ ಗೋರಿಯೂ ಇದೆ. ಅದರ ಗೋಡೆಗಳು ಎದ್ದವು, ಗುಮ್ಮಟ ಏರಲೇ ಇಲ್ಲ. ಅದೇಕೆಂದು ಒಂದು ಕತೆ ಕಟ್ಟುವ ಗೋಜಿಗೂ ಯಾರೂ ಹೋಗಿಲ್ಲ.