ಬಯೋಬ್ಯಾಂಕ್ ಮಾದರಿ: ಕಾಯಿಲೆಯ ಗುರುತು ಯಾವುದು, ನಮ್ಮ ಕೈಯ ಗುರುತು ಯಾವುದು?

ದೀರ್ಘಕಾಲದ ಕಾಯಿಲೆಗಳ ಸಂಶೋಧನೆಯಲ್ಲಿ ಬಯೋಬ್ಯಾಂಕಿನ (ರಕ್ತದಂಥ ಮಾದರಿಗಳ ಭಂಡಾರದ) ಕೆಲಸವೇನು ಎಂದು ಕೇಳಿದರೆ ‘ಮಾದರಿಗಳನ್ನು ಕಾಪಿಡುವುದು’ ಎಂದು ಹೇಳಿ ಮುಗಿಸುವವರೇ ಹೆಚ್ಚು. ಅಷ್ಟು ಸಾಲದು. ರೋಗಿ ಕೊಟ್ಟ ರಕ್ತದಲ್ಲಿ ಕಾಣುವ ವ್ಯತ್ಯಾಸ ಕಾಯಿಲೆಯಿಂದ ಬಂತೋ, ರಕ್ತ ತೆಗೆದ ಮೇಲೆ ಆದ ಏರುಪೇರಿನಿಂದ ಬಂತೋ ಎಂದು ಮುಂದೊಂದು ದಿನ ಬೇರೆಯವರು ಪರೀಕ್ಷಿಸಿ ಹೇಳುವಂತಿರಬೇಕು. ಉಳಿದ ವಿಧಿಗಳೆಲ್ಲ ಹುಟ್ಟಿದ್ದು ಇದಕ್ಕಾಗಿಯೇ.

ಟ್ಯೂಬು ಮತ್ತು ಗಡಿಯಾರ

ಒಬ್ಬರ ರಕ್ತ ಒಂದೇ ಸಲಕ್ಕೆ ಹಲವು ಟ್ಯೂಬುಗಳಿಗೆ ಹೋಗುತ್ತದೆ. ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಬೇಕಿದ್ದರೆ ಕೋಣೆಯ ಉಷ್ಣತೆಯಲ್ಲಿ 30ರಿಂದ 60 ನಿಮಿಷ ಹೆಪ್ಪುಗಟ್ಟಲು ಬಿಟ್ಟು, ಆಮೇಲೆ ಸೆಂಟ್ರಿಫ್ಯೂಜಿಗೆ (ವೇಗವಾಗಿ ತಿರುಗಿಸಿ ಕಣ ಬೇರ್ಪಡಿಸುವ ಯಂತ್ರಕ್ಕೆ) ಹಾಕಬೇಕು. ಅವಸರ ಮಾಡಿದರೆ ಫೈಬ್ರಿನ್ ಎಂಬ ಹೆಪ್ಪಿನ ಎಳೆಗಳು ಉಳಿದು ಯಂತ್ರದ ಸೂಜಿಗೆ ಸಿಕ್ಕಿಕೊಳ್ಳುತ್ತವೆ. ಪ್ಲಾಸ್ಮಾ (ಹೆಪ್ಪುಗಟ್ಟದ ರಕ್ತದಿಂದ ಕಣ ತೆಗೆದ ದ್ರವ) ಮತ್ತು ಡಿಎನ್ಎಗೆ ಇಡಿಟಿಎ ಎಂಬ ರಾಸಾಯನಿಕವಿರುವ ಟ್ಯೂಬು. ಇಡಿಟಿಎ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟು ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಹಾಗಾಗಿ ಅದೇ ಪ್ಲಾಸ್ಮಾದಲ್ಲಿ ಕ್ಯಾಲ್ಸಿಯಮ್ ಅಳೆಯುವುದರಲ್ಲಿ ಅರ್ಥವಿಲ್ಲ. ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ವಸ್ತು ಹೆಪಾರಿನ್; ಆ ಟ್ಯೂಬಿನ ಮಾದರಿ ಪಿಸಿಆರ್ ಪರೀಕ್ಷೆಗೆ (ಡಿಎನ್ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸಿ ಪತ್ತೆಮಾಡುವ ವಿಧಾನಕ್ಕೆ) ಅಡ್ಡಿ ಮಾಡುತ್ತದೆ. ಸೆಂಟ್ರಿಫ್ಯೂಜ್ ವೇಗವನ್ನು ಸುತ್ತುಗಳ ಲೆಕ್ಕದಲ್ಲಿ ಬರೆಯಬೇಡಿ. ರೋಟರಿನ ತ್ರಿಜ್ಯ ಬೇರೆಯಾದರೆ ಬಲವೂ ಬೇರೆಯಾಗುತ್ತದೆ. ‘ಗುರುತ್ವದ 1500ರಿಂದ 2000 ಪಟ್ಟು, 10ರಿಂದ 15 ನಿಮಿಷ’ ಎಂಬಂತೆ ಬರೆಯಿರಿ.

ಈಗ ಮುಖ್ಯ ವಿಷಯ. ಟ್ಯೂಬಿನೊಳಗೂ ರಕ್ತಕಣಗಳು ಬದುಕೇ ಇರುತ್ತವೆ. ಬೇರ್ಪಡಿಸದೆ ಹಾಗೇ ಬಿಟ್ಟರೆ ಕೋಣೆಯ ಉಷ್ಣತೆಯಲ್ಲಿ ಗಂಟೆಗೆ ಸುಮಾರು 5ರಿಂದ 7 ಶೇಕಡಾ ಗ್ಲೂಕೋಸನ್ನು ತಿಂದುಹಾಕಿ ಲ್ಯಾಕ್ಟೇಟ್ ಹೊರಬಿಡುತ್ತವೆ. ಹಾಗೆಂದು ಇಡೀ ರಕ್ತವನ್ನು ತಣ್ಣಗಿಟ್ಟರೆ ಕಣಪೊರೆಯ ಪಂಪಿನ ವೇಗ ಕುಗ್ಗಿ ಕಣದೊಳಗಿನ ಪೊಟ್ಯಾಸಿಯಮ್ ಹೊರಸೋರುತ್ತದೆ. ಕೆಂಪುಕಣ ಒಡೆದರಂತೂ ಪೊಟ್ಯಾಸಿಯಮ್ ಜೊತೆಗೆ ಎಲ್‌ಡಿಎಚ್ ಎಂಬ ಕಿಣ್ವವೂ ಸುಳ್ಳೇ ಏರುತ್ತದೆ. ರೋಗಿಗಳ ರಕ್ತ ದೂರದಿಂದ ಬಂದು ಆರು ಗಂಟೆಯ ನಂತರ ಸಂಸ್ಕರಣೆಯಾಯಿತು, ಆರೋಗ್ಯವಂತರ ರಕ್ತ ಲ್ಯಾಬಿನಲ್ಲೇ ತೆಗೆದು ಕೂಡಲೇ ಸಂಸ್ಕರಣೆಯಾಯಿತು ಎಂದಿಟ್ಟುಕೊಳ್ಳಿ. ‘ಶಕ್ತಿ ಚಯಾಪಚಯದಲ್ಲಿ ದೋಷ’ ಎಂಬ ಸೊಗಸಾದ ಫಲಿತಾಂಶ ಸಿಗುತ್ತದೆ, ಸಂಖ್ಯಾಶಾಸ್ತ್ರವೂ ತಲೆಯಾಡಿಸುತ್ತದೆ. ಆದರೆ ಅಳೆದದ್ದು ಕಾಯಿಲೆಯನ್ನಲ್ಲ, ಪ್ರಯಾಣವನ್ನು. ಆದ್ದರಿಂದ ರಕ್ತ ತೆಗೆದ ಹೊತ್ತು, ತಿರುಗಿಸಿದ ಹೊತ್ತು, ಫ್ರೀಜರಿಗೆ ಹಾಕಿದ ಹೊತ್ತು ಮೂರೂ ದಾಖಲಾಗಬೇಕು.

ಹಾಸಿಗೆ ಬಿಟ್ಟೇಳಲಾಗದ ರೋಗಿಗಳ ವಿಷಯದಲ್ಲಿ ಇದು ಇನ್ನೂ ಬಿಗಿಯಾಗುತ್ತದೆ. ಅವರನ್ನು ಕೈಬಿಟ್ಟರೆ ಬ್ಯಾಂಕಿನಲ್ಲಿ ಸೌಮ್ಯ ಕಾಯಿಲೆಯವರ ಮಾದರಿಗಳಷ್ಟೇ ತುಂಬಿಕೊಳ್ಳುತ್ತವೆ. ಮನೆಗೆ ಹೋಗಿ ತಂದರೆ ವಿಳಂಬ ಹೆಚ್ಚುತ್ತದೆ. ಮನೆಗೆ ಹೋಗುವುದೇ ಸರಿ. ಆದರೆ ಹೋಲಿಕೆಯ ಮಾದರಿಗಳನ್ನೂ ಅಷ್ಟೇ ಹೊತ್ತು ಹಾಗೇ ಬಿಟ್ಟು ಆಮೇಲೆ ಸಂಸ್ಕರಿಸಬೇಕು.

ಫ್ರೀಜರ್

ಸೀರಮ್, ಪ್ಲಾಸ್ಮಾಗಳನ್ನು ಕಾಲು ಅಥವಾ ಅರ್ಧ ಮಿ.ಲೀ.ನಂತೆ ಚಿಕ್ಕ ಶೀಶೆಗಳಿಗೆ ಹಂಚಿ ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿಡುತ್ತಾರೆ. ಕರಗಿಸಿ ಮತ್ತೆ ಘನೀಕರಿಸಿದಷ್ಟೂ ಕೆಲವು ಪ್ರೋಟೀನುಗಳು ಹಾಳಾಗುವುದರಿಂದ ಒಂದು ಶೀಶೆ ಒಂದೇ ಬಳಕೆಗೆ. ಜೀವಂತ ಬಿಳಿಕಣಗಳು ಬೇಕಿದ್ದರೆ ಸುಮಾರು 10 ಶೇಕಡಾ ಡಿಎಂಎಸ್ಒ (ಘನೀಕರಣದಲ್ಲಿ ಕಣಗಳನ್ನು ಕಾಪಾಡುವ ದ್ರಾವಕ) ಬೆರೆಸಿ, ನಿಮಿಷಕ್ಕೆ 1 ಡಿಗ್ರಿಯಂತೆ ತಣಿಸಿ, ದ್ರವ ಸಾರಜನಕದ ತೊಟ್ಟಿಗೆ ಸೇರಿಸಬೇಕು. ನಿಧಾನವೇಕೆಂದರೆ, ಒಳಗೆ ಮಂಜುಹರಳು ಕಟ್ಟುವ ಮೊದಲು ಕಣದ ನೀರು ಹೊರಬರಲು ಸಮಯ ಬೇಕು. ಕರಗಿಸುವಾಗ ಮಾತ್ರ 37 ಡಿಗ್ರಿಯಲ್ಲಿ ಬೇಗ ಬೇಗ. ಬಿಸಿಯಲ್ಲಿ ಡಿಎಂಎಸ್ಒ ಕಣಗಳಿಗೆ ವಿಷ.

ಯಾರೊಡನೆ ಹೋಲಿಕೆ?

ಆರೋಗ್ಯವಂತರೊಡನೆ ಮಾತ್ರ ಹೋಲಿಸಿದರೆ ‘ಕಾಯಿಲೆಯವರು ಬೇರೆ’ ಎಂಬುದಷ್ಟೇ ಗೊತ್ತಾಗುತ್ತದೆ. ಕಾರಣ ಓಡಾಟ ಕಡಿಮೆಯಾದದ್ದಿರಬಹುದು, ಮಾತ್ರೆಯಿರಬಹುದು, ನಿದ್ದೆಗೇಡಿರಬಹುದು. ಅದಕ್ಕೇ ಬ್ರಿಟನ್ನಿನ ಎಂಇ/ಸಿಎಫ್ಎಸ್ (ಬಿಡದ ತೀವ್ರ ದಣಿವಿನ ಕಾಯಿಲೆ, ಕ್ರಾನಿಕ್ ಫಟೀಗ್ ಸಿಂಡ್ರೋಮ್) ಬಯೋಬ್ಯಾಂಕ್ ಹೋಲಿಕೆಗಾಗಿ ಇನ್ನೊಂದು ದೀರ್ಘಕಾಲದ ಕಾಯಿಲೆಯಾದ ಮಲ್ಟಿಪಲ್ ಸ್ಕ್ಲಿರೋಸಿಸ್ (ಮಿದುಳು, ಬೆನ್ನುಹುರಿಯ ನರಗಳಿಗೆ ಹಾನಿಮಾಡುವ ಕಾಯಿಲೆ) ರೋಗಿಗಳ ಮಾದರಿಗಳನ್ನೂ ಇಟ್ಟುಕೊಂಡಿದೆ.

ಕಾಯಿಲೆಯ ಗುರುತನ್ನು ಲ್ಯಾಬಿನ ಗುರುತಿನಿಂದ ಬೇರ್ಪಡಿಸುವ ಎಚ್ಚರ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಎಕ್ಸ್ಎಂಆರ್‌ವಿ ವೈರಸ್ ಪ್ರಕರಣ ನೋಡಿ. ಕ್ರಾನಿಕ್ ಫಟೀಗ್ ಸಿಂಡ್ರೋಮ್ ರೋಗಿಗಳ ರಕ್ತದಲ್ಲಿ ಅದು ಸಿಕ್ಕಿತೆಂದು 2009ರಲ್ಲಿ ಪ್ರಕಟವಾಯಿತು. 2011ರಲ್ಲಿ ಆ ಪ್ರಬಂಧ ರದ್ದಾಯಿತು. 2012ರಲ್ಲಿ 147 ರೋಗಿಗಳ ಮತ್ತು 146 ಆರೋಗ್ಯವಂತರ ಮಾದರಿಗಳನ್ನು, ಯಾವುದು ಯಾರದ್ದೆಂದು ತಿಳಿಸದೆ ಲ್ಯಾಬುಗಳಿಗೆ ಕೊಟ್ಟಾಗ ವೈರಸ್ಸಿನ ಸುಳಿವಿಲ್ಲ. ಹಿಂದೆ ಕಂಡಿದ್ದು ಲ್ಯಾಬಿನ ಕಲಬೆರಕೆ.

ರೋಗಿಗಳು ಕೊಡುವ ಮಾದರಿಗೆ ಒಂದು ಮಿತಿಯಿದೆ: ಕಾಯಿಲೆ ಬಂದ ಮೇಲಿನ ರಕ್ತದಿಂದ ಮೊದಲು ಏನಾಯಿತೆಂದು ತಿಳಿಯುವುದಿಲ್ಲ. ಎಪ್‌ಸ್ಟೀನ್-ಬಾರ್ ಎಂಬ ಸಾಮಾನ್ಯ ವೈರಸ್ಸಿಗೂ ಮಲ್ಟಿಪಲ್ ಸ್ಕ್ಲಿರೋಸಿಸ್ಸಿಗೂ ಇರುವ ನಂಟು 2022ರಲ್ಲಿ ಗಟ್ಟಿಯಾದದ್ದು ಅಮೆರಿಕದ ಸೈನಿಕರಿಂದ ಕಾಯಿಲೆಗೆ ಮುಂಚೆಯೇ ತೆಗೆದಿಟ್ಟಿದ್ದ ಸೀರಮ್ಮಿನಿಂದ. 801 ರೋಗಿಗಳಲ್ಲಿ ಕೊನೆಯ ಮಾದರಿಯಲ್ಲೂ ಸೋಂಕಿಲ್ಲದವರು ಒಬ್ಬರೇ; ಸೋಂಕಿನ ನಂತರ ಅಪಾಯ 32 ಪಟ್ಟು. ಹಾಗಾದರೆ ರೋಗಿಗಳ ಬ್ಯಾಂಕಿನ ಬಲ ಯಾವುದು? ನಿಖರ ರೋಗನಿರ್ಣಯ, ಲಕ್ಷಣಗಳ ವಿವರ, ಒಬ್ಬರದೇ ಮಾದರಿ ಮತ್ತೆ ಮತ್ತೆ ಸಿಗುವುದು.

ಒಪ್ಪಿಗೆ

ಶೀಶೆಯ ಮೇಲೆ ಹೆಸರಿರುವುದಿಲ್ಲ, ಸಂಕೇತವಿರುತ್ತದೆ. ಸಂಕೇತದ ಕೀಲಿ ಬೇರೆಡೆ ಇರುತ್ತದೆ. ದಾನಿ ಹಿಂದೆ ಸರಿದರೆ ಉಳಿದ ಶೀಶೆಗಳನ್ನು ನಾಶಮಾಡಬಹುದು, ಆಗಲೇ ಮುಗಿದ ವಿಶ್ಲೇಷಣೆಯಿಂದ ಅವರ ಅಂಕಿಗಳನ್ನು ಕೀಳಲಾಗದು. ಒಪ್ಪಿಗೆ ಪತ್ರದಲ್ಲಿ ಇದನ್ನು ಮೊದಲೇ ಬಿಡಿಸಿ ಹೇಳಿರಬೇಕು.