ಎಬಿಸಿಡಿ ಬರ್ತದೆ, ಓದಕ್ಕೆ ಬರಲ್ಲ

"ನಮ್ ಹುಡ್ಗಂಗೆ ಎಬಿಸಿಡಿ ಪೂರಾ ಬಾಯಿಗೆ ಬರ್ತದೆ ಮೇಷ್ಟ್ರೇ, ಓದು ಅಂದ್ರೆ ಮಾತ್ರ ಆಗಲ್ಲ." ತೀರ್ಥಹಳ್ಳಿ, ಹೊಸನಗರ ಕಡೆ ಪೋಷಕರ ಸಭೆಯಲ್ಲಿ ಈ ಮಾತು ಬಂದೇ ಬರುತ್ತದೆ. ಹುಡುಗನ ತಪ್ಪೇನಿಲ್ಲ. ಅವನು ಕಲಿತಿರುವುದು ಅಕ್ಷರಗಳ ಹೆಸರು. ಓದಲು ಬೇಕಾದದ್ದು ಅವುಗಳ ಸದ್ದು.

ಕನ್ನಡದಲ್ಲಿ ಈ ತಾಪತ್ರಯವಿಲ್ಲ. ರ ಅಕ್ಷರದ ಹೆಸರೂ ರ, ಸದ್ದೂ ರ. ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿ-ಕಲಿಯಲ್ಲಿ ವರ್ಣಮಾಲೆಯ ಸಾಲು ಬಿಟ್ಟು ರ, ಗ, ಸ, ದ, ಅ ಮೊದಲು ಕಲಿಸುತ್ತೇವೆ. ಅಷ್ಟರಲ್ಲೇ ಮಗು 'ಸರ', 'ಅರಸ', 'ಗರಗಸ' ಓದುತ್ತದೆ. ಅದೇ ಮಗು ಸಿ, ಎ, ಟಿ ಕೂಡಿಸಿದರೆ 'ಸಿಯೇಟಿ' ಆದೀತು, ಬೆಕ್ಕು ಬಾರದು.

ಬಿ, ಡಿ, ಪಿ, ಟಿಗಳ ಸದ್ದು ಹೆಸರಿನ ಮೊದಲಿಗಿದೆ. ಎಫ್, ಎಲ್, ಎಸ್‌ಗಳದ್ದು ಕೊನೆಗೆ. ಸಿ, ಜಿ ಹೆಸರು ನಂಬಿದರೆ ಕ್ಯಾಟ್, ಗೋಟ್ ಎರಡೂ ಕೈಕೊಡುತ್ತವೆ. ಡಬ್ಲ್ಯೂ ಹೆಸರಿನಲ್ಲಿ ಅದರ ಸದ್ದೇ ಇಲ್ಲ. ವೈ ಅಂತೂ ಡಬ್ಲ್ಯೂವಿನ ಸದ್ದಿನಿಂದ ಶುರುವಾಗುತ್ತದೆ! ಎಚ್ ಅನ್ನು ನಮ್ಮವರು 'ಹೆಚ್' ಎನ್ನುವುದನ್ನು ನಾನು ತಿದ್ದಲು ಹೋಗುವುದಿಲ್ಲ, ಸದ್ದು ಕಲಿಸಲು ಅದೇ ಅನುಕೂಲ. ತಿದ್ದುವುದು 'ಯಲ್ಲು, ಯಮ್ಮು, ಯನ್ನು'ಗಳನ್ನು. ಇಲ್ಲದ 'ಯ್' ಒಂದು ಮಗುವಿನ ಕಿವಿಗೆ ಅಂಟಿಬಿಡುತ್ತದೆ.

ಸದ್ದು ಕಲಿಸುತ್ತೇವೆನ್ನುವ ಶಿಕ್ಷಕರು ಎಡವುವುದು ಇನ್ನೊಂದು ಕಡೆ. ಬಿ ಅಕ್ಷರಕ್ಕೆ 'ಬ' ಎನ್ನುತ್ತಾರೆ. 'ಬ, ಆ್ಯ, ಟ' ಎಂದು ಎಷ್ಟು ಬೇಗ ಹೇಳಿದರೂ ಬ್ಯಾಟ್ ಹುಟ್ಟುವುದಿಲ್ಲ, ನಡುವೆ 'ಅ' ಅಡ್ಡ ಬರುತ್ತದೆ. ಬೇಕಾದದ್ದು 'ಬ್'. ಬ್ + ಅ = ಬ ಎಂದು ಕಾಗುಣಿತ ಬಿಡಿಸಿ ತೋರಿಸಲು ಬರುವ ನಮಗೆ ಇದೇನು ಹೊಸದೇ? ಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರದ ಕೆಳಗೆ ಧೈರ್ಯವಾಗಿ 'ಬ್', 'ಟ್' ಬರೆಯಿರಿ. ಕನ್ನಡ ತಂದರೆ ಇಂಗ್ಲಿಷ್ ಕೆಡುತ್ತದೆ ಎನ್ನುವವರಿದ್ದಾರೆ. ಶುರುವಿನಲ್ಲಿ ನನಗೆ ಕಂಡದ್ದು ಇದರ ಉಲ್ಟಾ. ಬ್ಯಾಟಿನ 'ಆ್ಯ' ಕೂಡ ಪರಕೀಯವಲ್ಲ, ಮನೆಯಲ್ಲಿ 'ಬ್ಯಾಡ', 'ಮ್ಯಾಲೆ' ಎನ್ನುವ ಮಗುವಿನ ಬಾಯಲ್ಲಿ ಅದು ಆಗಲೇ ಇದೆ.

ಎಲ್ಲಿಂದ ಶುರು ಮಾಡುವುದು? ಎಸ್, ಎ, ಟಿ, ಪಿ, ಐ, ಎನ್. ಈ ಆರೇ ಅಕ್ಷರಗಳಲ್ಲಿ ಪಿನ್, ಟಿನ್, ಪ್ಯಾನ್, ಟ್ಯಾಪ್, ಸಿಟ್ ಎಲ್ಲ ಓದಬಹುದು, ನಮ್ಮ ರ, ಗ, ಸ, ದ, ಅ ಇದ್ದ ಹಾಗೇ. 'ಸ್‌ಸ್‌ಸ್', 'ನ್‌ನ್‌ನ್' ಎಳೆಯಲು ಬರುವ ಸದ್ದುಗಳಾದ್ದರಿಂದ ಮುಂದಿನದಕ್ಕೆ ಜೋಡಿಸುವುದು ಸುಲಭ. ಟ್, ಪ್ ಎಳೆಯಲಾಗದು, ಗಿಡ್ಡವಾಗಿಯೇ ಹೇಳಿಸಿ. ಎಕ್ಸ್‌ಗೆ ಗೋಡೆಯ ಚಾರ್ಟಿನ ಕ್ರಿಸ್‌ಮಸ್ ಮರ ಬಿಡಿ, 'ಬಾಕ್ಸ್' ಸಾಕು, ಸದ್ದು ಕೊನೆಯಲ್ಲಿ ಕೇಳುತ್ತದೆ. ಇಪ್ಪತ್ತಾರು ಅಕ್ಷರಗಳಿಗೆ ಸುಮಾರು 44 ಸದ್ದುಗಳಿವೆ. ಕ್ಯಾಟ್, ಕೇಕ್, ಕಾರ್ ಮೂರರಲ್ಲೂ 'ಎ' ಬೇರೆ ಬೇರೆ. ಒಂದನೇ ತರಗತಿಗೆ ಕ್ಯಾಟಿನದ್ದು ಮಾತ್ರ ಸಾಕು.

ಹಾಗಂತ ಹೆಸರು ಬೇಡವೆಂದಲ್ಲ. ಇನಿಷಿಯಲ್ ಹೇಳಲು, ಬ್ಯಾಂಕಿನಲ್ಲಿ ಹೆಸರು ಬರೆಸಲು ಅದೇ ಬೇಕು. ಸದ್ದು ಹಿಡಿತಕ್ಕೆ ಬಂದ ಮೇಲೆ ಬಸ್ಸಿಗೆ ಕಾಯುವಾಗ ನಂಬರ್ ಪ್ಲೇಟ್ ಓದಿಸಿ: ಕೆಎ 14 ಶಿವಮೊಗ್ಗದ ಗಾಡಿ, ಕೆಎ 15 ಸಾಗರದ್ದು. ಪುಸ್ತಕ ಕೈಗೆ ಬಂದಾಗ ಮಾತ್ರ "ಇದು ಯಾವ ಅಕ್ಷರ?" ಎನ್ನಬೇಡಿ, "ಇದು ಏನನ್ನತ್ತೆ?" ಎಂದು ಕೇಳಿ.